ಮುಂಬಯಿಯ ಗೋದಿಯ ನೌಕಾಶಿಲ್ಪಿಗಳು

ಮುಂಬಯಿಯ ಕೋಟೆ ಪ್ರದೇಶದಲ್ಲಿ ಶಹೀದ್ ಭಗತ್‌ಸಿಂಗ್ ರಸ್ತೆಯ ಮಗ್ಗುಲಿಗೆ ಎತ್ತರವಾದ ಗೋಡೆಯೊಂದು ಬಹುದೂರದವರೆಗೆ ಸಾಗಿಹೋಗಿದೆ. ಅದರ ಮಹಾದ್ವಾರಕ್ಕೆ ‘ಲಯನ್ ಗೇಟ್’ ಎಂದು ಹೆಸರು. ಬೆಳಗಾದರೆ ಬ್ಯಾಂಕುಗಳಿಗೂ ಕಚೇರಿಗಳಿಗೂ ಅವಸರದಿಂದ ನಡೆದುಹೋಗುವ ಜನಸಮೂಹಕ್ಕೆ ಅದೊಂದು ಸರಕಾರದ ಆವರಣ, ಅಷ್ಟೆ. ಆದರೆ ಮುಂಬಯಿಯ ಆಡುಮಾತಿನಲ್ಲಿ ‘ಗೋದಿ’ ಎನಿಸಿಕೊಂಡ ಆ ನೌಕಾಂಗಣದಲ್ಲಿ ಒಂದು ಕಾಲಕ್ಕೆ ಲೋಕದ ಅತ್ಯುತ್ತಮ ಯುದ್ಧನೌಕೆಗಳ ಸಾಲಿಗೆ ಸೇರಿದ ಹಡಗುಗಳು ನಿರ್ಮಿತವಾದವು. ಅವುಗಳನ್ನು ಕಟ್ಟಿದವರು ಈ ನಾಡಿನ ಬಡಗಿಗಳು ಎಂಬುದನ್ನು ನೆನೆಯುವವರು ವಿರಳ.

ಹಡಗುಗಳ ಇತಿಹಾಸವನ್ನು ಬರೆಯುವವರು ಸಾಮಾನ್ಯವಾಗಿ ಅವುಗಳನ್ನು ನಡೆಸಿದ ಸೇನಾಪತಿಗಳ ಕಥೆಯನ್ನು ಹೇಳುತ್ತಾರೆ. ಕಟ್ಟಿದವರ ಕಥೆಯನ್ನು ತಿಳಿಯಬೇಕಾದರೆ ಬೇರೊಂದು ಮಾರ್ಗವನ್ನು ಹಿಡಿಯಬೇಕು. ಯುದ್ಧನೌಕೆಯ ನಿರ್ಮಾಣಕ್ಕೆ ಮೂರು ಸಾಧನಗಳು ಅವಶ್ಯ: ದ್ರವ್ಯ, ಕೈ ಮತ್ತು ನಕ್ಷೆ. ದ್ರವ್ಯವೆಂದರೆ ಮರ ಅಥವಾ ಲೋಹ. ಕೈಯೆಂದರೆ ಅದನ್ನು ಹದಗೊಳಿಸಿ ಜೋಡಿಸಬಲ್ಲ ಕುಶಲಿಗಳು. ನಕ್ಷೆಯೆಂದರೆ ಹಡಗು ಹೇಗಿರಬೇಕೆಂದು ನಿರ್ಧರಿಸುವ ವಿದ್ಯೆ ಮತ್ತು ಅಧಿಕಾರ. ಈ ಮೂರು ಯಾರ ಬಳಿ ಎಷ್ಟೆಷ್ಟು ಇದ್ದವೆಂಬುದನ್ನು ಪರಿಶೀಲಿಸಿದರೆ, ಮುಂಬಯಿಯ ನೌಕಾಶಿಲ್ಪವು ಏಕೆ ಬೆಳೆಯಿತು, ಏಕೆ ಅಳಿಯಿತು, ಮತ್ತೆ ಚಿಗುರಲು ಏಕೆ ಅಷ್ಟು ಕಾಲ ಹಿಡಿಯಿತು ಎಂಬುದು ಸ್ಪಷ್ಟವಾಗುತ್ತದೆ.

1

18ನೆಯ ಶತಮಾನದ ಆರಂಭದಲ್ಲಿ ಪಶ್ಚಿಮ ತೀರದ ಹಡಗುಗಾರಿಕೆಗೆ ಸೂರತ್ ಮುಖ್ಯ ಕೇಂದ್ರವಾಗಿದ್ದಿತು. ಈಸ್ಟ್ ಇಂಡಿಯಾ ಕಂಪನಿಯವರಿಗೆ ಆಂಗ್ರೆಗಳ ನೌಕಾಬಲವನ್ನು ಎದುರಿಸಲು ಹಡಗುಗಳು ಬೇಕಾಗಿದ್ದವು. ಅವುಗಳನ್ನು ಕಟ್ಟಿಸಲು ಪ್ರತಿಸಲವೂ ಸೂರತ್ತಿಗೆ ಹೋಗುವುದಕ್ಕಿಂತ, ಕಟ್ಟುವವರನ್ನೇ ತಮ್ಮ ಸುರಕ್ಷಿತ ಬಂದರಾದ ಮುಂಬಯಿಗೆ ಕರೆತರುವುದು ಲೇಸೆಂದು ಅವರಿಗೆ ತೋರಿತು. 1735ರಲ್ಲಿ ಸೂರತ್ತಿನಲ್ಲಿ ಕಂಪನಿಗಾಗಿ ‘ಕ್ವೀನ್’ ಎಂಬ ಹಡಗು ಸಿದ್ಧವಾಗುತ್ತಿದ್ದಾಗ, ಮೇಲ್ವಿಚಾರಣೆಗೆ ಬಂದಿದ್ದ ಡಡ್ಲಿ ಎಂಬ ಅಧಿಕಾರಿಯ ಕಣ್ಣಿಗೆ ಅಲ್ಲಿಯ ಮೇಸ್ತ್ರಿಯಾದ ಲವ್ಜಿ ನಸರವಾನ್‌ಜಿ ಎಂಬ ಪಾರಸೀ ಬಡಗಿ ಬಿದ್ದನು. ಯಜಮಾನನ ಅನುಮತಿಯಿಲ್ಲದೆ ಊರು ಬಿಡಲೊಪ್ಪದ ಲವ್ಜಿಯು ಅನುಮತಿ ದೊರೆತ ಮೇಲೆ ಕೆಲವು ಬಡಗಿಗಳನ್ನು ಕೂಡಿಕೊಂಡು 1736ರಲ್ಲಿ ಮುಂಬಯಿಗೆ ಬಂದು ನೆಲಸಿದನು. ಗುಜರಾತಿಯಲ್ಲಿ ‘ವಾಡಿಯಾ’ ಎಂದರೆ ಹಡಗು ಕಟ್ಟುವವನು. ವೃತ್ತಿಯ ಹೆಸರೇ ಮುಂದೆ ಮನೆತನದ ಹೆಸರಾಯಿತು.

ಮುಂಬಯಿಯನ್ನು ವಲಸೆ ಬಂದವರು ಕಟ್ಟಿದರೆಂಬ ಮಾತು ಸಾಮಾನ್ಯ. ಈ ಗೋದಿಯ ಮಟ್ಟಿಗೆ ಅದು ಅಕ್ಷರಶಃ ನಿಜ. ಬಂದವರು ಬಂಡವಾಳ ತಂದವರಲ್ಲ; ಬಾಚಿ, ಉಳಿ, ಗರಗಸಗಳನ್ನೂ ಅವುಗಳ ಹಿಂದಿನ ವಿದ್ಯೆಯನ್ನೂ ತಂದವರು. 1750ರಲ್ಲಿ ಇಲ್ಲಿ ನೀರನ್ನು ಹೊರಹಾಕಿ ಹಡಗನ್ನು ಒಣನೆಲದ ಮೇಲೆ ನಿಲ್ಲಿಸಬಲ್ಲ ಗೋದಿಯೊಂದು ಸಿದ್ಧವಾಯಿತು. ಅದು ಏಷ್ಯಾಖಂಡದಲ್ಲಿ ಮೊತ್ತಮೊದಲನೆಯದೆಂದು ಗಣಿಸಲಾಗಿದೆ. 1762 ಮತ್ತು 1765ರಲ್ಲಿ ಅದಕ್ಕೆ ಇನ್ನೆರಡು ಸೇರಿದವು.

ಲವ್ಜಿಯು 1774ರಲ್ಲಿ ತೀರಿಕೊಂಡನು. ಸುಮಾರು ನಾಲ್ಕು ದಶಕಗಳ ಸೇವೆಯ ಬಳಿಕ ಅವನು ತನ್ನ ಮಕ್ಕಳಾದ ಮಾಣೆಕ್‌ಜಿ ಮತ್ತು ಬೊಮನ್‌ಜಿಯರಿಗೆ ಬಿಟ್ಟುಹೋದದ್ದು ಒಂದು ಮನೆ ಹಾಗೂ 20,000 ರೂಪಾಯಿಗಿಂತ ಕಡಿಮೆ ಹಣ. ಲಕ್ಷಾಂತರ ರೂಪಾಯಿ ಬೆಲೆಯ ಹಡಗುಗಳು ಯಾರ ಕೈಕೆಳಗೆ ಸಿದ್ಧವಾದುವೋ ಅಂಥವನ ಲೆಕ್ಕದ ಶೇಷವಿದು. ಆದರೆ ಲೆಕ್ಕದ ಪುಸ್ತಕಕ್ಕೆ ಬಾರದ ಆಸ್ತಿಯೊಂದನ್ನು ಅವನು ಮೊದಲೇ ಹಂಚಿದ್ದನು. ತನ್ನ ಮೊಮ್ಮಕ್ಕಳಾದ ಫ್ರಾಮ್‌ಜಿ ಮಾಣೆಕ್‌ಜಿ ಮತ್ತು ಜಮ್‌ಶೇಟ್‌ಜಿ ಬೊಮನ್‌ಜಿಯರನ್ನು ಅವನು ಗೋದಿಯಲ್ಲಿ ತಿಂಗಳಿಗೆ 12 ರೂಪಾಯಿ ಸಂಬಳದ ಸಾಧಾರಣ ಬಡಗಿಗಳಾಗಿ ದುಡಿಯಹಚ್ಚಿದ್ದನು. ಮುಖ್ಯ ಶಿಲ್ಪಿಯ ಮನೆಯ ಹುಡುಗರೆಂಬ ರಿಯಾಯಿತಿ ಅವರಿಗೆ ದೊರೆಯಲಿಲ್ಲ. ಮರ ಕೊಯ್ಯುವುದರಿಂದ ಹಿಡಿದು ಹಡಗನ್ನು ನೀರಿಗಿಳಿಸುವವರೆಗಿನ ಸಮಸ್ತ ವಿದ್ಯೆಯನ್ನೂ ಅವರು ಕೈಯಿಂದಲೇ ಕಲಿತರು. ಒಂದೂವರೆ ಶತಮಾನಕ್ಕೆ ಸಮೀಪಿಸಿದ ವಾಡಿಯಾ ಪರಂಪರೆಯ ಬಲವಿದ್ದುದು ಈ ಶಿಕ್ಷಣಕ್ರಮದಲ್ಲಿ.

2

ಕೈಗೆ ತಕ್ಕ ದ್ರವ್ಯವೂ ಈ ತೀರದಲ್ಲಿ ಸಮೃದ್ಧವಾಗಿದ್ದಿತು. ಅದೇ ಸಾಗುವಾನಿ. ಇಂಗ್ಲೆಂಡಿನ ಹಡಗುಗಳಿಗೆ ಬಳಸುತ್ತಿದ್ದ ಓಕ್ ಮರದಲ್ಲಿರುವ ಆಮ್ಲವು ಕಬ್ಬಿಣದ ಮೊಳೆಗಳನ್ನು ತಿಂದುಹಾಕುತ್ತದೆ. ಸಾಗುವಾನಿಯ ಎಣ್ಣೆಯಂಶವಾದರೋ ಮೊಳೆಯನ್ನು ತುಕ್ಕಿನಿಂದ ಕಾಪಾಡುತ್ತದೆ, ಮರವನ್ನು ಹುಳುವಿನಿಂದ ರಕ್ಷಿಸುತ್ತದೆ. ಪಶ್ಚಿಮ ತೀರದ ಬಡಗಿಗಳು ಹಲಗೆಗಳ ಅಂಚುಗಳಲ್ಲಿ ಗಾಡಿ ತೆಗೆದು, ಒಂದರೊಳಗೊಂದು ಕೂಡುವಂತೆ ಬಿಗಿಯುತ್ತಿದ್ದರು. ಇಂಥ ಜೋಡಣೆ ನೀರು ಹೋಗದಷ್ಟು ಬಿಗಿಯಾದುದೆಂದು ಆ ಕಾಲದ ಐರೋಪ್ಯ ಪ್ರವಾಸಿಗಳು ಮೆಚ್ಚಿ ಬರೆದಿದ್ದಾರೆ.

ಈ ಮರ ಬಂದುದೆಲ್ಲಿಂದ? ಮಲಬಾರ್ ಮತ್ತು ಕನ್ನಡ ಕರಾವಳಿಯ ಬೆನ್ನಿಗಿರುವ ಘಟ್ಟದ ಕಾಡುಗಳಿಂದ. ದಿಮ್ಮಿಗಳು ಹೊಳೆಗಳಲ್ಲಿ ತೇಲಿ ಕಡಲಿಗಿಳಿದು, ಅಲ್ಲಿಂದ ಉತ್ತರಕ್ಕೆ ಸಾಗುತ್ತಿದ್ದವು. 1799ರಲ್ಲಿ ಟಿಪ್ಪುವಿನ ಪತನದೊಡನೆ ಕನ್ನಡ ಜಿಲ್ಲೆಯು ಕಂಪನಿಯ ವಶವಾಯಿತು. ನೆಪೋಲಿಯನ್ನನೊಡನೆ ನಡೆದ ಯುದ್ಧಗಳಲ್ಲಿ ಇಂಗ್ಲೆಂಡಿನ ಓಕ್ ಮರಕ್ಕೆ ಅಭಾವ ಒದಗಿದ ಹೊತ್ತದು. 1806ರಲ್ಲಿ ಕ್ಯಾಪ್ಟನ್ ವಾಟ್ಸನ್ ಎಂಬವನು ಅರಣ್ಯಗಳ ಸಂರಕ್ಷಣಾಧಿಕಾರಿಯಾಗಿ ನೇಮಕಗೊಂಡನು. ಹೆಸರು ಸಂರಕ್ಷಣೆಯದಾದರೂ ಕಾರ್ಯವು ನೌಕಾಬಲಕ್ಕೆ ಸಾಗುವಾನಿಯನ್ನು ಒದಗಿಸುವುದು. ಸಾಗುವಾನಿಯ ಮೇಲೆ ಸರಕಾರದ ಏಕಸ್ವಾಮ್ಯ ಜಾರಿಗೆ ಬಂದಿತು. ತಲೆಮಾರುಗಳಿಂದ ಮರ ಕಡಿದು ಮಾರುತ್ತಿದ್ದ ಭೂಮಾಲಿಕರೂ ವ್ಯಾಪಾರಿಗಳೂ, ಮನೆಗೆ ನೇಗಿಲಿಗೆ ಮರ ತರುತ್ತಿದ್ದ ರೈತರೂ ಇದರಿಂದ ಕಷ್ಟಕ್ಕೊಳಗಾದರು. ಹಿಂದೆ ಕನ್ನಡ ಜಿಲ್ಲೆಯ ಕಲೆಕ್ಟರನಾಗಿದ್ದು, ಆಗ ಮದರಾಸಿನ ಗವರ್ನರನಾಗಿದ್ದ ತಾಮಸ್ ಮನ್ರೋ ಈ ಪದ್ಧತಿಯನ್ನು ವಿರೋಧಿಸಿದನು. 1823ರಲ್ಲಿ ಅದು ರದ್ದಾಯಿತು. ಮುಂಬಯಿಯಲ್ಲಿ ಕಟ್ಟಿದ ಹಡಗು ಅಗ್ಗವಾಗಿ ಬಿತ್ತೆಂದು ಲಂಡನ್ನಿನ ಲೆಕ್ಕಿಗರು ಬರೆದುಕೊಳ್ಳುವಾಗ, ಘಟ್ಟದ ಕೆಳಗಿನ ರೈತನು ತೆತ್ತ ಪಾಲು ಆ ಲೆಕ್ಕದಲ್ಲಿ ಸೇರಿರಲಿಲ್ಲ.

3

ಗೋದಿಯ ಕೀರ್ತಿ ಶಿಖರಕ್ಕೇರಿದುದು ಜಮ್‌ಶೇಟ್‌ಜಿ ಬೊಮನ್‌ಜಿಯ ಕಾಲದಲ್ಲಿ. 12 ರೂಪಾಯಿಯ ಬಡಗಿಯಾಗಿ ಆರಂಭಿಸಿದ ಅವನು 1821ರಲ್ಲಿ ತೀರಿಕೊಳ್ಳುವವರೆಗೂ ಮುಖ್ಯ ಶಿಲ್ಪಿಯಾಗಿದ್ದನು. ಅವನಿಗೆ ಕಂಪನಿಯು 1804ರಲ್ಲಿ ಬೆಳ್ಳಿಯ ಅಳತೆಪಟ್ಟಿಯೊಂದನ್ನು ಬಹುಮಾನವಾಗಿ ಕೊಟ್ಟಿತು. ಗ್ರಿನಿಚ್ಚಿನ ನೌಕಾ ವಸ್ತುಸಂಗ್ರಹಾಲಯದಲ್ಲಿರುವ ಅವನ ಚಿತ್ರದಲ್ಲಿ ಆ ಬೆಳ್ಳಿಯ ಪಟ್ಟಿಯನ್ನು ಈಗಲೂ ಕಾಣಬಹುದು.

1810ರಲ್ಲಿ ಅವನು ಕಟ್ಟಿದ ‘ಮಿಂಡನ್’ 74 ತೋಪುಗಳ ಹಡಗು. ಬ್ರಿಟಿಷ್ ರಾಜನೌಕಾದಳಕ್ಕಾಗಿ ಭಾರತದಲ್ಲಿ ಸಿದ್ಧವಾದ ಮೊದಲನೆಯ ಮಹಾಯುದ್ಧನೌಕೆಯದು. 1813ರಲ್ಲಿ ‘ಕಾರ್ನ್‌ವಾಲಿಸ್’, 1815ರಲ್ಲಿ ‘ವೆಲೆಸ್ಲಿ’, 1817ರಲ್ಲಿ ‘ಟ್ರಿಂಕೊಮಲಿ’, 1821ರಲ್ಲಿ ‘ಗ್ಯಾಂಜಿಸ್’ ನೀರಿಗಿಳಿದವು. ಅವನ ಮಗ ನೌರೋಜಿ ಕಟ್ಟಿದ, 1824ರ ‘ಏಷ್ಯಾ’ ಹಡಗು 1827ರ ನವಾರಿನೊ ಕಾಳಗದಲ್ಲಿ ಸೇನಾಪತಿ ಕಾಡ್ರಿಂಗ್‌ಟನ್ನನ ಧ್ವಜನೌಕೆಯಾಗಿದ್ದಿತು.

ಇವುಗಳ ಬಾಳಿಕೆಯೇ ಇವುಗಳನ್ನು ಕಟ್ಟಿದವರ ಪ್ರಶಸ್ತಿಪತ್ರ. ‘ವೆಲೆಸ್ಲಿ’ಯು ಹೆಸರು ಬದಲಿಸಿಕೊಂಡು ತರಬೇತಿಯ ಹಡಗಾಗಿ ಥೇಮ್ಸ್ ನದಿಯಲ್ಲಿ ನಿಂತಿದ್ದು, 1940ರಲ್ಲಿ ಜರ್ಮನ್ ವಿಮಾನಗಳ ದಾಳಿಗೆ ತುತ್ತಾಗುವವರೆಗೂ ತೇಲುತ್ತಿದ್ದಿತು. ‘ಟ್ರಿಂಕೊಮಲಿ’ಯಂತೂ ಇಂಗ್ಲೆಂಡಿನ ಹಾರ್ಟಲ್‌ಪೂಲಿನಲ್ಲಿ ಜೀರ್ಣೋದ್ಧಾರ ಹೊಂದಿ, ಇನ್ನೂ ನೀರಿನ ಮೇಲಿರುವ ಬ್ರಿಟಿಷ್ ಯುದ್ಧನೌಕೆಗಳಲ್ಲಿ ಅತ್ಯಂತ ಹಳೆಯದೆನಿಸಿದೆ. ಅದರ ಮರದಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಮುಂಬಯಿಯ ಬಡಗಿಗಳು ಕೂರಿಸಿದ್ದೇ ಆಗಿದೆ. ಹಡಗಿನ ಅಡಿಮರವನ್ನು ಇಡುವಾಗ ಪಾರಸೀ ಸಂಪ್ರದಾಯದಂತೆ ಅದಕ್ಕೆ ಬೆಳ್ಳಿಯ ಮೊಳೆಯೊಂದನ್ನು ಹೊಡೆಯುವ ಪದ್ಧತಿಯಿದ್ದಿತು. ಯಾರ ಧ್ವಜವನ್ನು ಹೊತ್ತರೂ ಆ ಹಡಗುಗಳು ಈ ನೆಲದ ಆಶೀರ್ವಾದವನ್ನು ಒಡಲಲ್ಲಿ ಹೊತ್ತೇ ಹೊರಟವು.

ಆದರೆ ಹೊರಟ ಹಡಗು ಮಾಡಿದ್ದೇನು ಎಂಬ ಪ್ರಶ್ನೆಯನ್ನು ಇತಿಹಾಸಕಾರನು ತಪ್ಪಿಸಿಕೊಳ್ಳಲಾರನು. ಚೀನದ ಮೇಲೆ ಅಫೀಮಿನ ಯುದ್ಧವನ್ನು ಹೇರಿದ ಬ್ರಿಟಿಷರು 1842ರ ಆಗಸ್ಟ್ 29ರಂದು ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡದ್ದು ಇದೇ ‘ಕಾರ್ನ್‌ವಾಲಿಸ್’ ಹಡಗಿನ ಮೇಲೆ. ಪರಾಧೀನ ದೇಶವೊಂದರ ಕುಶಲಿಗಳ ಕೈಕೆಲಸವು ಇನ್ನೊಂದು ದೇಶವನ್ನು ಮಣಿಸುವ ಸಾಧನವಾಯಿತು. ಬಡಗಿಗೆ ತನ್ನ ಹಡಗಿನ ದಿಕ್ಕನ್ನು ನಿಶ್ಚಯಿಸುವ ಅಧಿಕಾರವಿರಲಿಲ್ಲ.

ಅದರ ರೂಪವನ್ನು ನಿಶ್ಚಯಿಸುವ ಅಧಿಕಾರವೂ ಇರಲಿಲ್ಲವೆಂಬುದು ಮತ್ತಷ್ಟು ಗಮನಾರ್ಹ. ವಾಡಿಯಾಗಳು ನಕ್ಷೆ ಬರೆಯಲರಿಯದವರಲ್ಲ. ವ್ಯಾಪಾರದ ಹಡಗುಗಳನ್ನು ಅವರೇ ರೂಪಿಸುತ್ತಿದ್ದರು. ಆದರೆ ರಾಜನೌಕಾದಳದ ಯುದ್ಧನೌಕೆಗಳಿಗೆ ನಕ್ಷೆ ಬರುತ್ತಿದ್ದುದು ಇಂಗ್ಲೆಂಡಿನಿಂದ. ‘ಟ್ರಿಂಕೊಮಲಿ’ಯ ನಕ್ಷೆಯನ್ನು 1812ರಲ್ಲಿ ‘ಜಾವಾ’ ಎಂಬ ಹಡಗಿನಲ್ಲಿ ಕಳುಹಿಸಲಾಗಿತ್ತು. ಆ ಹಡಗು ದಾರಿಯಲ್ಲಿ ಅಮೆರಿಕನ್ನರ ‘ಕಾನ್ಸ್ಟಿಟ್ಯೂಷನ್’ ನೌಕೆಯೊಡನೆ ಕಾದಿ ನಾಶವಾಯಿತು. ಮತ್ತೊಂದು ಪ್ರತಿ ಬಂದು, 1816ರಲ್ಲಿ ಕೆಲಸ ಮೊದಲಾಯಿತು. ಮರ ಇಲ್ಲಿದ್ದಿತು, ಬಡಗಿಗಳಿದ್ದರು, ಗೋದಿಯಿದ್ದಿತು. ಕಾಗದವೊಂದಕ್ಕಾಗಿ ಎಲ್ಲವೂ ಕಾದಿದ್ದವು. ಕೈ ಇಲ್ಲಿಯದು, ನಕ್ಷೆ ಅಲ್ಲಿಯದು ಎಂಬ ಸ್ಥಿತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಿಲ್ಲ.

ಜಮ್‌ಶೇಟ್‌ಜಿಯನ್ನು ಕುರಿತು ಒಂದು ಐತಿಹ್ಯವುಂಟು. ತಾನು ಕಟ್ಟಿದ ಹಡಗೊಂದರ ತಳದಲ್ಲಿ, ಯಾರ ಕಣ್ಣಿಗೂ ಬೀಳದ ತೊಲೆಯ ಮೇಲೆ, ಇದನ್ನು ಕಟ್ಟಿದವನೊಬ್ಬ ಕರಿಯನೆಂದು ತನ್ನನ್ನು ಆಳುವವರ ಬೈಗುಳದ ಮಾತಿನಲ್ಲಿಯೇ ಅವನು ಕೊರೆದಿದ್ದನಂತೆ. ಬಹುವರ್ಷಗಳ ಮೇಲೆ ದುರಸ್ತಿಯ ಸಮಯದಲ್ಲಿ ಅದು ಬೆಳಕಿಗೆ ಬಂದಿತಂತೆ. ಐತಿಹ್ಯವನ್ನು ಐತಿಹ್ಯವೆಂದೇ ಸ್ವೀಕರಿಸಬೇಕು. ಆದರೂ ಗೋದಿಯ ಜನರು ಅದನ್ನು ಜತನದಿಂದ ಉಳಿಸಿಕೊಂಡು ಬಂದುದಕ್ಕೆ ಅರ್ಥವಿದೆ.

4

ಲಂಡನ್ನಿನ ಹಡಗುಗಾರರಿಗೆ ಭಾರತದ ಹಡಗುಗಳು ಮೊದಲಿನಿಂದಲೂ ಕಣ್ಣುಕಿಸುರಾಗಿದ್ದವು. 1814ರಲ್ಲಿ ಈ ಕುರಿತು ಬ್ರಿಟಿಷ್ ಸಂಸತ್ತಿನ ಸಮಿತಿಯೊಂದು ಸಾಕ್ಷ್ಯಗಳನ್ನು ಕೇಳಿತು. ಭಾರತದ ನಾವಿಕರನ್ನು ಬ್ರಿಟಿಷ್ ನಾವಿಕರೆಂದು ಪರಿಗಣಿಸಬಾರದೆಂಬ ಶಾಸನವೂ ಆ ಕಾಲದಲ್ಲೇ ಆಯಿತು. ಆದರೆ ಗೋದಿಗೆ ಮರಣದ ಪೆಟ್ಟು ಬಿದ್ದುದು ಶಾಸನದಿಂದಲ್ಲ, ದ್ರವ್ಯದ ಪರಿವರ್ತನೆಯಿಂದ. ಮರದ ಸ್ಥಾನಕ್ಕೆ ಕಬ್ಬಿಣವೂ ಹಾಯಿಯ ಸ್ಥಾನಕ್ಕೆ ಉಗಿಯಂತ್ರವೂ ಬಂದವು.

1829ರಲ್ಲಿ ಮುಂಬಯಿಯಲ್ಲಿ ಕಟ್ಟಿದ ‘ಹ್ಯೂ ಲಿಂಡ್ಸೆ’ ಎಂಬ ಉಗಿಹಡಗು ಮರುವರ್ಷ ಸುಯೆಜ್‌ವರೆಗೆ ಸಾಗಿ ಪ್ರಸಿದ್ಧವಾಯಿತು. ಅದರ ಒಡಲು ಇಲ್ಲಿಯದು, ಯಂತ್ರ ಇಂಗ್ಲೆಂಡಿನದು. ಮುಂದಿನ ಹೆಜ್ಜೆಯಲ್ಲಿ ಒಡಲೂ ಇಂಗ್ಲೆಂಡಿನದಾಯಿತು: ನದಿಗಳಲ್ಲಿ ಸಂಚರಿಸುವ ಕಬ್ಬಿಣದ ಹಡಗುಗಳು ಬಿಡಿಭಾಗಗಳಾಗಿ ಬಂದು ಮುಂಬಯಿಯಲ್ಲಿ ಜೋಡಣೆಗೊಂಡವು. ನಕ್ಷೆ ಮೊದಲೇ ಪರರದು; ಈಗ ದ್ರವ್ಯವೂ ಪರರದಾಯಿತು. ಕೈಯೊಂದೇ ಉಳಿಯಿತು.

ವಾಡಿಯಾಗಳು ಈ ಅಪಾಯವನ್ನು ಕಾಣದೆ ಇರಲಿಲ್ಲ. ಮನೆತನದ ಇಬ್ಬರು ಯುವಕರು, ಜಹಾಂಗೀರ್ ನೌರೋಜಿ ಮತ್ತು ಹೀರ್ಜಿಭಾಯಿ ಮೇರ್ವಾನ್‌ಜಿ, 1838ರಲ್ಲಿ ಇಂಗ್ಲೆಂಡಿಗೆ ಹೋಗಿ ಚ್ಯಾಟಮ್ ನೌಕಾಂಗಣದಲ್ಲಿ ಹೊಸ ವಿದ್ಯೆಯನ್ನು ಅಭ್ಯಾಸ ಮಾಡಿ, ತಮ್ಮ ಎರಡೂವರೆ ವರ್ಷಗಳ ವಾಸದ ವೃತ್ತಾಂತವನ್ನು 1841ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು. ಅದೇ ಮನೆತನದ ಅರ್ದೇಶಿರ್ ಕರ್ಸೆಟ್‌ಜಿ ಉಗಿಯಂತ್ರಗಳಲ್ಲಿ ಪಾರಂಗತನಾಗಿ, 1841ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯನಾಗಿ ಚುನಾಯಿತನಾದನು. ಆ ಗೌರವವನ್ನು ಪಡೆದ ಭಾರತೀಯರಲ್ಲಿ ಅವನೇ ಮೊದಲಿಗ. ಅದೇ ಕಾಲದಲ್ಲಿ ಅವನು ಮುಂಬಯಿಯ ಉಗಿಯಂತ್ರ ಕಾರ್ಖಾನೆಯ ಮುಖ್ಯ ಎಂಜಿನಿಯರನಾಗಿ, ಐರೋಪ್ಯರೂ ಅವನ ಕೈಕೆಳಗೆ ಕೆಲಸ ಮಾಡುವಂತಾದಾಗ, ಊರಿನ ಇಂಗ್ಲಿಷ್ ಪತ್ರಿಕೆಯಲ್ಲಿ ಆಕ್ಷೇಪಣೆ ಎದ್ದಿತು.

ವಿದ್ಯೆಯನ್ನು ಕಲಿತವರಿದ್ದರು, ಆದರೆ ಅದನ್ನು ಬೆಳೆಸಬೇಕಾದ ಕಬ್ಬಿಣದ ಉದ್ಯಮ ದೇಶದಲ್ಲಿರಲಿಲ್ಲ, ಬೆಳೆಸಬೇಕೆಂಬ ಇಚ್ಛೆ ಸರಕಾರಕ್ಕಿರಲಿಲ್ಲ. 19ನೆಯ ಶತಮಾನದ ಕೊನೆಯ ಪಾದದಲ್ಲಿ ವಾಡಿಯಾ ಶಿಲ್ಪಿಗಳ ಪರಂಪರೆ ಕೊನೆಗೊಂಡು, ಗೋದಿಯು ದುರಸ್ತಿಯ ಸ್ಥಳವಾಗಿ ಉಳಿಯಿತು. ಹೆಸರುವಾಸಿಯಾದ ಮನೆತನಕ್ಕೆ ಬೇರೆ ದಾರಿಗಳಿದ್ದವು. ಅದರ ಇತರ ಶಾಖೆಗಳು ವ್ಯಾಪಾರದಲ್ಲೂ ಜವಳಿ ಉದ್ಯಮದಲ್ಲೂ ಮೇಲೇರಿದವು. ಗರಗಸದವರು, ಕಮ್ಮಾರರು, ಹಲಗೆಯ ಸಂದಿಗೆ ನಾರು ತುಂಬಿ ರಾಳ ಬಳಿಯುವವರು ಇತಿಹಾಸದ ಪುಟದಲ್ಲಿ ಹೆಸರಿಲ್ಲದೆ ಬಂದಿದ್ದಂತೆ, ಹೆಸರಿಲ್ಲದೆಯೇ ಚದರಿಹೋದರು. ಕೈಯಿಂದ ಕೈಗೆ ದಾಟುವ ವಿದ್ಯೆಗೆ ಒಂದು ತಲೆಮಾರಿನ ವಿರಾಮವೂ ಮಾರಕ.

5

ಕಡಿದ ಎಳೆಯನ್ನು ಮತ್ತೆ ಹೊಸೆಯುವ ಕಾರ್ಯ ಸ್ವಾತಂತ್ರ್ಯಾನಂತರ ನಡೆಯಿತು. ಅದು ಎಷ್ಟು ನಿಧಾನವಾದ ಕಾರ್ಯವೆಂಬುದನ್ನು ಕನ್ನಡಿಗರಿಗೆ ಆಪ್ತವಾದ ಹೆಸರೊಂದರಿಂದಲೇ ಅಳೆಯಬಹುದು. 1957ರಲ್ಲಿ ಭಾರತದ ನೌಕಾದಳವನ್ನು ಸೇರಿದ ‘ಮೈಸೂರು’ ಎಂಬ ಕ್ರೂಸರ್, ಬ್ರಿಟನ್ನಿನಿಂದ ಕೊಂಡುತಂದ ‘ನೈಜೀರಿಯಾ’ ಎಂಬ ಹಳೆಯ ಹಡಗು. ಹೆಸರು ಮಾತ್ರ ನಮ್ಮದು. ದ್ರವ್ಯ, ಕೈ, ನಕ್ಷೆ ಮೂರೂ ಪರರವು.

1960ರಲ್ಲಿ ಭಾರತ ಸರಕಾರವು ಮುಂಬಯಿಯ ಮಜಗಾಂವ್ ಡಾಕನ್ನು ವಹಿಸಿಕೊಂಡಿತು. 1966ರಲ್ಲಿ ಅಲ್ಲಿ ‘ನೀಲಗಿರಿ’ ಎಂಬ ಯುದ್ಧನೌಕೆಯ ಕೆಲಸ ಆರಂಭವಾಯಿತು. ನಕ್ಷೆ ಬ್ರಿಟನ್ನಿನದು, ಅಲ್ಲಿಯ ಹಡಗು ಕಂಪನಿಗಳ ಸಹಾಯವೂ ಇದ್ದಿತು. ಅಂದಿನವರೆಗೆ ದುರಸ್ತಿಯಲ್ಲೇ ಪಳಗಿದ್ದ ಕೆಲಸಗಾರರು ಯುದ್ಧನೌಕೆಯ ನಿಯಮಗಳನ್ನು ಕಲಿಯಬೇಕಾಯಿತು. ಉಕ್ಕಿನ ತಗಡಿಗೆ ಬೆಸುಗೆ ಹಾಕುವಾಗ ಕಾವಿಗೆ ತಗಡು ಸೊಟ್ಟಗಾಗುತ್ತದೆ. ಯಾವ ಸಂದಿಯನ್ನು ಮೊದಲು, ಯಾವುದನ್ನು ಅನಂತರ ಬೆಸೆಯಬೇಕೆಂಬ ಕ್ರಮವನ್ನು ವೆಲ್ಡರನು ತಪ್ಪಿದರೆ ಹಡಗಿನ ಒಡಲೇ ರೂಪಗೆಡುತ್ತದೆ. ಬೆಸುಗೆಯೊಳಗೆ ಅಡಗಿದ ಬಿರುಕನ್ನು ಕ್ಷಕಿರಣದಿಂದ ಪರೀಕ್ಷಿಸಿ, ದೋಷ ಕಂಡಲ್ಲಿ ಕೆತ್ತಿ ಮತ್ತೆ ಬೆಸೆಯಬೇಕು. ಹಿಂದೆ ಸಂದಿಗೆ ನಾರು ತುಂಬುವವನ ಬೆರಳಿನಲ್ಲಿದ್ದ ಜವಾಬ್ದಾರಿ ಈಗ ವೆಲ್ಡರನ ಮಣಿಕಟ್ಟಿಗೆ ಬಂದಿತು. 1968ರಲ್ಲಿ ನೀರಿಗಿಳಿದ ‘ನೀಲಗಿರಿ’ 1972ರ ಜೂನ್ 3ರಂದು ನೌಕಾದಳವನ್ನು ಸೇರಿತು. 1981ರ ಹೊತ್ತಿಗೆ ಅದೇ ಮಾದರಿಯ ಇನ್ನೈದು ಹಡಗುಗಳು ಸಿದ್ಧವಾದವು.

ಹೀಗೆ ಕೈ ಮರಳಿ ಬಂದ ಮೇಲೆ ನಕ್ಷೆ ಬಂದಿತು. 1983ರಲ್ಲಿ ಸೇನೆಗೆ ಸೇರಿದ ‘ಗೋದಾವರಿ’ಯನ್ನು ರೂಪಿಸಿದವರು ನೌಕಾದಳದ ಸ್ವಂತ ವಿನ್ಯಾಸ ವಿಭಾಗದವರು. 1999ರ ಜೂನ್ 2ರಂದು ಇನ್ನೊಂದು ‘ಮೈಸೂರು’ ಸೇನೆಯನ್ನು ಸೇರಿತು. ಶಸ್ತ್ರಗಳಲ್ಲೂ ವಿನ್ಯಾಸದ ಕೆಲವು ಅಂಶಗಳಲ್ಲೂ ರಷ್ಯದ ನೆರವಿದ್ದರೂ, ಇದು ಮಜಗಾಂವಿನ ಕೈಗಳು ಕಟ್ಟಿದ ಹಡಗು. ಕೊಂಡ ಮೈಸೂರಿನಿಂದ ಕಟ್ಟಿದ ಮೈಸೂರಿಗೆ ಬರಲು 42 ವರ್ಷ ಹಿಡಿಯಿತು.

ದ್ರವ್ಯ ಬಂದುದು ಎಲ್ಲಕ್ಕಿಂತ ಕೊನೆಗೆ. ರಷ್ಯದಿಂದ ಬರಬೇಕಾಗಿದ್ದ ಯುದ್ಧನೌಕೆಯ ಉಕ್ಕು ಸಕಾಲಕ್ಕೆ ದೊರೆಯದೆ ಹೋದಾಗ, ದೇಶದ ಲೋಹವಿಜ್ಞಾನಿಗಳೂ ಸರಕಾರಿ ಉಕ್ಕಿನ ಕಾರ್ಖಾನೆಗಳೂ ಕೂಡಿ ಅಂಥ ಉಕ್ಕನ್ನು ಇಲ್ಲಿಯೇ ಸಿದ್ಧಪಡಿಸಿದರು. ಕೊಚ್ಚಿಯಲ್ಲಿ ಕಟ್ಟಿ 2022ರಲ್ಲಿ ಸೇನೆಗೆ ಸೇರಿಸಿದ ವಿಮಾನವಾಹಕ ‘ವಿಕ್ರಾಂತ್’ ಆ ಉಕ್ಕಿನಿಂದ ಆದುದು. ಹಿಂದೆ ಸಾಗುವಾನಿ ಕಡಲಿಗಿಳಿಯುತ್ತಿದ್ದ ಕನ್ನಡ ಕರಾವಳಿಗೂ ಈ ಕಥೆಯಲ್ಲಿ ಹೊಸ ಸ್ಥಾನ ದೊರೆತಿದೆ. 2005ರಲ್ಲಿ ಕಾರವಾರದ ಬಳಿ ಸ್ಥಾಪಿತವಾದ ನೌಕಾನೆಲೆಗೆ ಬನವಾಸಿಯ ಅರಸರ ನೆನಪಿನಲ್ಲಿ ‘ಕದಂಬ’ ಎಂದು ಹೆಸರಿಟ್ಟಿದ್ದಾರೆ. ಒಂದು ಕಾಲಕ್ಕೆ ಹಡಗಿಗೆ ಮರ ಕಳುಹಿಸಿದ ತೀರವು ಈಗ ಹಡಗುಗಳಿಗೆ ಆಶ್ರಯ ನೀಡುತ್ತಿದೆ.

6

2025ರ ಜನವರಿ 15ರಂದು ಮುಂಬಯಿಯ ಆ ಹಳೆಯ ಗೋಡೆಯ ಹಿಂದಿನ ನೌಕಾಂಗಣದಲ್ಲಿ, ಮಜಗಾಂವಿನಲ್ಲಿ ಸಿದ್ಧವಾದ ಮೂರು ನೌಕೆಗಳು ಒಂದೇ ದಿನ ಸೇನೆಗೆ ಸೇರಿದವು. ಅವುಗಳಲ್ಲಿ ಒಂದು ‘ವಾಗ್‌ಶೀರ್’ ಎಂಬ ಜಲಾಂತರ್ಗಾಮಿ. ಇನ್ನೊಂದು, 1972ರ ಹಡಗಿನ ಹೆಸರನ್ನು ಹೊತ್ತ ಹೊಸ ‘ನೀಲಗಿರಿ’. ಮೂರನೆಯದರ ಹೆಸರು ‘ಸೂರತ್’. ಬಾಚಿ ಉಳಿಗಳೊಡನೆ ಲವ್ಜಿ ನಸರವಾನ್‌ಜಿ ಹೊರಟುಬಂದ ಊರಿನ ಹೆಸರೇ, ಅವನು ನೆಲಸಿದ ಊರಿನ ಹಡಗಿನ ಮೇಲೆ ಕೂತಿತು. ಹೆಸರಿಟ್ಟವರು ಲವ್ಜಿಯನ್ನು ನೆನೆದರೋ ಇಲ್ಲವೋ, ಇತಿಹಾಸವನ್ನು ಬಲ್ಲವರಿಗೆ ಆ ಸಂಬಂಧ ಕಾಣದಿರದು.

ಸಮಾರಂಭಗಳ ವರದಿಗಳಲ್ಲಿ ಹಡಗಿನ ಉದ್ದ, ತೂಕ, ವೇಗ, ಶಸ್ತ್ರಗಳ ವಿವರ ಬರುತ್ತದೆ. ಬೆಸುಗೆ ಹಾಕಿದವರ, ಕೊಳವೆ ಜೋಡಿಸಿದವರ, ತಂತಿ ಎಳೆದವರ ಹೆಸರುಗಳು ಬರುವುದಿಲ್ಲ. ಬರುವುದು ಶಕ್ಯವೂ ಅಲ್ಲ. ಆದರೆ ಅವರ ನಂತರ ಅದೇ ಕೆಲಸವನ್ನು ಮಾಡಬಲ್ಲವರು ತಯಾರಾಗಿದ್ದಾರೆಯೇ ಎಂಬ ಪ್ರಶ್ನೆಯನ್ನಾದರೂ ಸಮಾಜವು ಕೇಳುತ್ತಿರಬೇಕು. ಗೋದಿಯನ್ನು ಕೆಲವು ವರ್ಷಗಳಲ್ಲಿ ತೋಡಬಹುದು, ಉಕ್ಕನ್ನು ಹಣ ಕೊಟ್ಟು ತರಿಸಬಹುದು. ಮುಂಬಯಿಯು ಕಳೆದುಕೊಂಡ ಕೈಯನ್ನು ಮರಳಿ ಪಡೆಯಲು ಸುಮಾರು ನೂರು ವರ್ಷಗಳು ಬೇಕಾದವು. ತಿಂಗಳಿಗೆ 12 ರೂಪಾಯಿಗೆ ಮೊಮ್ಮಕ್ಕಳ ಕೈಗೆ ಬಾಚಿ ಕೊಟ್ಟ ಲವ್ಜಿಯು ಈ ಸತ್ಯವನ್ನು ಚೆನ್ನಾಗಿ ಅರಿತಿದ್ದನು.